ಗುಡ್ಡದ ಮನೆಯೊಳಗಿದ್ದ ಶಾಲೆ

ಕಲಘಟಗಿಯಿಂದ ಆಚೆ, ಕಾಡು ಶುರುವಾಗುವಲ್ಲಿ, ಗುಡ್ಡದ ಮೇಲೆ ನಮ್ಮದೊಂದು ಹಂಚಿನ ಮನೆ ಇದೆ. ಗದ್ದೆ ನೋಡಿಕೊಳ್ಳಲು ಅಜ್ಜ ಕಟ್ಟಿಸಿದ್ದು. ನಡುವೆ ಕೆಲವು ವರ್ಷ, ನಾನು ಪಟ್ಟಣದಲ್ಲಿ ಓದುತ್ತಿದ್ದಾಗ, ಅಲ್ಲಿ ಊರಿನ ಶಾಲೆ ನಡೆಯಿತು. ಶಾಲೆಗೆ ಸ್ವಂತ ಕಟ್ಟಡವಾದ ಮೇಲೆ ಮನೆಗೆ ಬೀಗ ಬಿತ್ತು. ನಾನೂ ನನ್ನ ಗಂಡನೂ ನೌಕರಿಯಿಂದ ನಿವೃತ್ತರಾದಾಗ, ರಜೆ ಕಳೆಯಲು ಬರುವವರಿಗೆ ಬಾಡಿಗೆಗೆ ಕೊಡೋಣವೆಂದು ಅದನ್ನು ದುರಸ್ತಿ ಮಾಡಿಸಿದೆವು.

ಗೋಡೆ ಕೆರೆಯಲು ಊರಿನ ಹೆಂಗಸೊಬ್ಬರು ಬರುತ್ತಿದ್ದರು. ನನ್ನ ವಯಸ್ಸಿನವರೇ. ಒಂದು ದಿನ ಪಡಸಾಲೆಯಲ್ಲಿ ಸುಣ್ಣದ ಪದರಿನಡಿ ಕಪ್ಪು ಬಣ್ಣ ಕಾಣಿಸಿತು. ಅವರು ಇನ್ನಷ್ಟು ಕೆರೆದರು. ಗೋಡೆಗೇ ಬಳಿದ ಬೋರ್ಡು.

“ನಾನೂ ಇದ ಸಾಲ್ಯಾಗ ಕಲತಾಕಿರಿ ಅಕ್ಕಾರ,” ಎಂದರು.

ನನಗೆ ಖುಷಿಯಾಯಿತು. ಬಂದವರು ಓದಲೆಂದು ಮನೆಯ ಇತಿಹಾಸವನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ತಂದು ಓದಿ ಹೇಳಿದೆ. ‘ಊರಿನ ಎಲ್ಲ ಮಕ್ಕಳೂ ಕಲಿಯಲೆಂದು ಅಜ್ಜ ಈ ಮನೆ ಬಿಟ್ಟುಕೊಟ್ಟರು’ ಎಂಬಲ್ಲಿ ಅವರ ಕೈ ನಿಂತಿತು.

“ಎಲ್ಲಾರೂ ಒಳಗ ಕೂಡತಿರಲಿಲ್ರಿ. ನಮ್ಮ ಓಣಿಯವರು ಹೊರಗ, ಕಟ್ಟಿ ಮ್ಯಾಲೆ. ಬೋರ್ಡಿನ ಈ ಬಾಜು ನಮಗ ಕಾಣತಿದ್ದಿಲ್ಲ.”

“ಮಾಸ್ತರು ಹಂಗ ಕೂಡ್ರಸತಿದ್ರೇನ್ರಿ?”

“ಮಾಸ್ತರಲ್ರಿ. ಮನಿ ಕೊಡೂ ಮುಂದ ನಿಮ್ಮ ಅಜ್ಜಾರ ಹಂಗ ಹೇಳಿದ್ರಂತ.”

ಸಿಟ್ಟಿಲ್ಲದೆ ಹೇಳಿ, ಮತ್ತೆ ಕೆರೆಯತೊಡಗಿದರು. ನಾನು ಹಾಳೆ ಮಡಚಿಕೊಂಡು ಒಳಗೆ ಹೋದೆ. ನಾಚಿಕೆಯಾಗಿತ್ತು. ಅವರ ಮಾತು ಸುಳ್ಳಿರಬಹುದೆ ಎಂದೂ ಒಂದು ಗಳಿಗೆ ಅನ್ನಿಸಿತು. ಅಜ್ಜನನ್ನು ಬಲ್ಲ ನನಗೆ ಆ ಅನುಮಾನ ಬಹಳ ಹೊತ್ತು ಉಳಿಯಲಿಲ್ಲ.

ಸಂಜೆ ಆ ಸಾಲು ಹೊಡೆದುಹಾಕಿ, ಅವರು ಹೇಳಿದ್ದನ್ನೇ ಬರೆದೆ. ಗಂಡ ಓದಿ, “ಬಂದವರು ಏನ ಅಂದ್ಕೊಂಡಾರು?” ಎಂದರು.

“ಹೆಂಗ ನಡದಿತ್ತೊ ಹಂಗ ಬರದೇನಿ. ಏನರ ಅಂದ್ಕೊಳ್ಳಲಿ,” ಎಂದೆ.

ಮರುದಿನ ಅವರು ಕೆಲಸಕ್ಕೆ ಬಂದಾಗ ಓದಿ ಹೇಳಿದೆ. ಕೊನೆತನಕ ಕೇಳಿದರು.

“ಇನ್ನೊಂದು ಹಾಕ್ರಿ. ನಮಗೂ ಕೇಳಲಿ ಅಂತ ಮಾಸ್ತರು ಬಾಗಲದಾಗ ನಿಂತು ಒದರಿ ಪಾಠಾ ಹೇಳತಿದ್ರು. ಗಂಟಲಾ ಕಟ್ಟತಿತ್ತು ಪಾಪ.”

ಅದನ್ನೂ ಸೇರಿಸಿದೆ. ಆಮೇಲೆ ಅವರು ಬೋರ್ಡಿನ ಹತ್ತಿರ ಹೋಗಿ, ಹಿಂದೆ ತಮಗೆ ಕಾಣದಿದ್ದ ಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಅಲ್ಲಿ ಅಕ್ಷರವೇನೂ ಉಳಿದಿರಲಿಲ್ಲ.

ಹಾಳೆಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇವೆ. ಕೆಲವರು ಓದುತ್ತಾರೆ. ನಮ್ಮ ಸಂಬಂಧಿಕರೊಬ್ಬರು ಅದನ್ನು ಓದಿದವರೇ ಊಟಕ್ಕೆ ನಿಲ್ಲದೆ ಹೊರಟುಹೋದರು.