ಗಂಜಿ ಉಂಡ ನೂಲು

ನನಗೊಂದು ವಿಚಿತ್ರ ಚಾಳಿಯಿದೆ: ಸದ್ದು ನಿಂತರೆ ಎದೆ ಹೊಡೆದುಕೊಳ್ಳುತ್ತದೆ. ಲೋಕದ ಜನ ಗದ್ದಲಕ್ಕೆ ಹೆದರುತ್ತಾರೆ. ನಾನು ಬನಹಟ್ಟಿಯವನು; ನಾಲ್ಕು ಪಾವರ್‌ಲೂಮ್ ಮಗ್ಗಗಳ ಖಟಖಟದ ಪಕ್ಕದಲ್ಲೇ ಮಧ್ಯಾಹ್ನ ಗೊರಕೆ ಹೊಡೆಯುತ್ತೇನೆ, ಕರೆಂಟು ಹೋದ ಕೂಡಲೇ ಎದ್ದು ಕೂರುತ್ತೇನೆ. ನಾನೊಬ್ಬನೇ ಅಲ್ಲ, ನಮ್ಮ ಇಡೀ ಓಣಿಯೇ ಹೀಗೆ. ಮಗ್ಗಗಳು ನಿಂತವೆಂದರೆ ಎಲ್ಲರೂ ಹೊರಗೆ ಬಂದು, ಯಾರೋ ತೀರಿಕೊಂಡರೆಂಬಂತೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತೇವೆ.

ಇದೊಂದು ತೊಂದರೆ ಎಂದು ಗೊತ್ತಾದದ್ದು ಬಲಗಣ್ಣಿಗೆ ಪೊರೆ ಬಂದಾಗ. ಜಮಖಂಡಿಯ ಕಣ್ಣಿನ ಡಾಕ್ಟರರು ಆಪರೇಷನ್ ಆಗಲೇಬೇಕು ಎಂದರು. ಆದರೆ ಎರಡು ಸಲ ಹೋದಾಗಲೂ ನನ್ನ ಬಿ.ಪಿ. ಏರಿ ಕೂತಿತ್ತು, ಎರಡು ಸಲವೂ ತಿರುಗಿ ಕಳಿಸಿದರು.

"ಗುಳಿಗಿ ತಪ್ಪಿಸಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಉಣ್ರಿ, ಚಾ ಕಮ್ಮಿ ಮಾಡ್ರಿ, ದಿನಾ ಅಡ್ಡಾಡ್ರಿ. ಸ್ವಲ್ಪ ಹೊತ್ತು ಶಾಂತ ಜಾಗಾದಾಗ ಕಣ್ಣು ಮುಚ್ಚಿ ಕುಂದರ್ರಿ. ಒಂದೂವರೆ ತಿಂಗಳು ಬಿಟ್ಟು ಬರ್ರಿ, ನೋಡೂಣು," ಎಂದರು.

ನನಗೆ ನಿಜಕ್ಕೂ ಭಯವಾಗಿತ್ತು. ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ಕಡಿದರೆ ಮಗ್ಗ ತಾನೇ ನಿಂತು ಹೇಳುತ್ತದೆ. ಉದ್ದಕ್ಕೆ ಬಿಗಿದ ಹಾಸಿನಲ್ಲಿ ಒಂದು ಎಳೆ ಕಡಿದರೆ ಅದು ಹೇಳುವುದಿಲ್ಲ, ಕಣ್ಣೇ ಹುಡುಕಬೇಕು. ಇಲ್ಲದಿದ್ದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ನನ್ನ ಕೈಯಿಂದ ಅಂಥ ಸೀರೆಗಳು ಬರತೊಡಗಿದ ಮೇಲೆ, ತನ್ನೆರಡು ಮಗ್ಗಗಳ ಜೊತೆ ನನ್ನೆರಡನ್ನೂ ಹೆಂಡತಿ ಗೌರವ್ವಳೇ ನೋಡಿಕೊಳ್ಳುತ್ತಿದ್ದಳು. ಕಣ್ಣು ಹೋದ ನೇಕಾರನಿಗೆ ಉಳಿಯುವುದು ಕಟ್ಟೆ ಮಾತ್ರ. ಕಟ್ಟೆಯ ಮೇಲೆ ಕೂತು ಊರ ಸುದ್ದಿ ಹೇಳುವ ಮುದುಕರು ನಮ್ಮ ಓಣಿಯಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ.

ಶಾಂತ ಜಾಗ ಎಂದರೆ ಹಿಪ್ಪರಗಿಯ ತಂಗಿಯ ಮನೆ ಎಂದು ತೀರ್ಮಾನಿಸಿದೆ. ಹೊಳೆಯ ದಂಡೆ, ಕಬ್ಬಿನ ಹೊಲ, ಹೊಲದಲ್ಲೇ ಮನೆ. ದಿನಾ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದೆ. ಒಂದು ನಿಮಿಷ ಆಗುವುದರೊಳಗೆ ಕಿವಿ ತಾನಾಗಿ ನಿಮಿರುತ್ತಿತ್ತು: ಯಾವ ಮಗ್ಗ ನಿಂತಿತು? ಕೈ ಗಂಟು ಹಾಕಲು ಎಳೆ ಹುಡುಕುತ್ತಿತ್ತು. ನಲವತ್ತು ವರ್ಷ ಸದ್ದು ನಿಂತಾಗಲೆಲ್ಲ ಓಡಿದ ದೇಹ, ಬೇವಿನ ಗಿಡ ನೋಡಿ ಸುಮ್ಮನಾಗುವುದೇ? ಎಂಟನೆಯ ದಿನ ಆ ಊರಿನ ನರ್ಸಬಾಯಿ ಬಿ.ಪಿ. ನೋಡಿದರೆ ಜಮಖಂಡಿಯದಕ್ಕಿಂತ ಮೇಲೆ ಹೋಗಿತ್ತು.

ತಂಗಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಯಣ್ಣಾ, ಕಣ್ಣ ಮುಚ್ಕೊಂಡು ಯಾರ ಹಾದಿ ಕಾಯಾಕತ್ತಿ?"

ಋಷಿಮುನಿಗಳು ನೆಮ್ಮದಿಗಾಗಿ ಅಡವಿಗೆ ಹೋದರೆಂದು ಪುರಾಣ ಹೇಳುತ್ತದೆ. ಅವರಲ್ಲಿ ಒಬ್ಬರಾದರೂ ಪಾವರ್‌ಲೂಮ್ ಇಟ್ಟವರಾಗಿದ್ದರೆ ಮೂರನೇ ದಿನಕ್ಕೆ ಊರಿಗೆ ಮರಳುತ್ತಿದ್ದರು. ನಾನು ಒಂಬತ್ತನೇ ದಿನಕ್ಕೆ ಮರಳಿದೆ.

ನನ್ನ ಕತೆ ಕೇಳಿ ಗೌರವ್ವ ನಗಲಿಲ್ಲ. "ಅಲ್ರೀ, ಗಂಜಿ ಹಾಕದ ನೂಲನ್ನ ಮಗ್ಗಕ್ಕ ಏರಸ್ತೀರೇನು? ಮತ್ತ ನಿಮಗ ಗಂಜಿ ಹಾಕಾವ್ರು ಯಾರು?" ಎಂದಳು.

ಹಾಸಿನ ನೂಲನ್ನು ಹಾಗೆಯೇ ಮಗ್ಗಕ್ಕೆ ಏರಿಸಿದರೆ ಹೊಡೆತ ತಾಳದೆ ಕಡಿಯುತ್ತದೆ. ಗಂಜಿ ಉಂಡ ನೂಲಿಗೂ ಬೀಳುವ ಹೊಡೆತ ಅಷ್ಟೇ, ಒಂದೂ ಕಡಿಮೆಯಿಲ್ಲ, ಆದರೆ ತಾಳಿಕೊಳ್ಳುತ್ತದೆ. ಇದನ್ನು ಜೀವಮಾನವಿಡೀ ನೂಲಿಗೆ ಮಾಡಿದವನಿಗೆ ಹೆಂಡತಿ ಹೇಳಿಕೊಡಬೇಕಾಯಿತು. ಡಾಕ್ಟರರು ಹೇಳಿದ ಗುಳಿಗೆ, ಊಟ, ನಡಿಗೆಗಳೇ ನನ್ನ ಗಂಜಿ. ಗಂಜಿ ಹೆಚ್ಚಾದರೆ ನೂಲು ಸೆಟೆದು ಮುರಿಯುತ್ತದೆಂಬುದನ್ನೂ ಮರೆತೆ. ಮೊದಲ ದಿನವೇ ಚಹಾ ಪೂರ್ತಿ ಬಿಟ್ಟು, ಪಕ್ಕದೂರು ರಬಕವಿಗೆ ಎರಡು ಸಲ ನಡೆದು ಹೋಗಿ ಬಂದು, ಸಂಜೆ ತಲೆ ಸಿಡಿಯುತ್ತ ಮನೆಯವರ ಮೇಲೆಲ್ಲ ಹರಿಹಾಯ್ದೆ.

ಆಮೇಲೆ ತೆಳ್ಳಗೆ ಹಾಕಿಕೊಂಡೆ. ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರುಗಳು ಹೊರಡುವ ಮುಂಚೆ ಊರಾಚೆ ಒಂದು ಸುತ್ತು. ಎಂಟು ಚಹಾ ಮೂರಕ್ಕೆ ಇಳಿಯಿತು. ಪಕ್ಕದ ಮನೆಯವರು ಒತ್ತಾಯ ಮಾಡಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಕಣ್ಣು ಮುಚ್ಚಿ ಕೂರುವುದನ್ನು ಮಗ್ಗದ ಪಕ್ಕದಲ್ಲೇ, ಆ ಖಟಖಟದಲ್ಲೇ ಮಾಡಿದೆ. ನೋಡಿದವರು ಮಲಗಿದ್ದಾನೆ ಅಂದುಕೊಂಡರು, ಅರ್ಧ ಖರೆಯೂ ಆಗಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಗೌರವ್ವ ಕರೆಯುತ್ತಿದ್ದಳು. ನಡುಮನೆಯಲ್ಲಿ ತಾಟು ಸಿದ್ಧವಿರುತ್ತಿತ್ತು: ಬಿಸಿ ರೊಟ್ಟಿ, ಮೆಂತ್ಯ ಪಲ್ಯ, ಮೊಸರು. ಅಷ್ಟು ವರ್ಷ ಸಿಕ್ಕಾಗ ಉಂಡವನು ಈಗ ಅಳಿಯನಂತೆ ಕೂತು ಉಂಡೆ.

ಮೂರನೇ ಸಲ ಜಮಖಂಡಿಯಲ್ಲಿ ಬಿ.ಪಿ. ಸರಿಯಾಗಿತ್ತು. ಆಪರೇಷನ್ ಆಯಿತು, ಮರುದಿನ ಪಟ್ಟಿ ಬಿಚ್ಚಿದರು. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದಾಗ ಕಣ್ಣಲ್ಲಿ ನೀರು ಬಂತು, ಡಾಕ್ಟರರು ನೀರು ಬರಬಾರದೆಂದು ಗದರಿದರು.

ಮನೆಗೆ ಬಂದ ಮಧ್ಯಾಹ್ನ ಎಂದಿನಂತೆ ತಾಟು ಬಂತು. ರೊಟ್ಟಿ ಮುರಿಯುವ ಮುಂಚೆ, ಹೊಸ ಕಣ್ಣಿನ ಹುಮ್ಮಸ್ಸಿನಲ್ಲಿ ಬಾಗಿಲಾಚೆ ನೋಡಿದೆ. ಎರಡು ಮಗ್ಗಗಳ ನಡುವಿನ ಇಕ್ಕಟ್ಟಿನಲ್ಲಿ ಗೌರವ್ವ ನಿಂತಿದ್ದಳು. ಎಡಗೈಯಲ್ಲಿ ಚಟ್ನಿ ಸವರಿ ಸುತ್ತಿದ ರೊಟ್ಟಿ. ಒಮ್ಮೆ ಕಚ್ಚುವಳು, ಬಾಗಿ ನನ್ನ ಹಾಸಿನಲ್ಲಿ ಎಳೆ ಹುಡುಕುವಳು, ಮತ್ತೆ ಕಚ್ಚುವಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಈ ಒಂದೂವರೆ ತಿಂಗಳು ನಾನು ಕೂತು ಉಂಡ ಹೊತ್ತೆಲ್ಲ ಎಲ್ಲಿಂದ ಬಂತೆಂದು ನಾನು ಕೇಳಿಯೇ ಇರಲಿಲ್ಲ. ನಾಚಿಕೆಯಾಯಿತು.

ಎದ್ದು ಹೋಗಿ ನಾಲ್ಕೂ ಮಗ್ಗಗಳ ಗುಂಡಿ ಒತ್ತಿ ನಿಲ್ಲಿಸಿದೆ.

"ಯಾಕ್ರೀ, ಏನಾತು?" ಎಂದು ಗಾಬರಿಯಾದಳು.

"ನಿನ್ನ ಬಿ.ಪಿ. ಎಷ್ಟೈತಿ? ಎಂದಾರ ತೋರ್ಸೀಯೇನು?"

"ನನಗೆಲ್ಲೀದ್ರೀ ಬಿ.ಪಿ.? ಅದು ಕುಂತು ಉಣ್ಣಾವ್ರಿಗೆ ಬರೂದು," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಇನ್ನೊಂದು ತಾಟು ಹಾಕಿದೆ, ಅವಳು ಬಂದು ಕೂರುವವರೆಗೆ ರೊಟ್ಟಿ ಮುರಿಯಲಿಲ್ಲ.