ಗೌರಿಯ ಕೈಯಿಂದ ಜಾರಿದ ಪೊಂಗಲ್

ನನ್ನ ಸೊಸೆ ಗೌರಿಗೆ ಮೂರು ವರ್ಷದಿಂದ ತಲೆನೋವು. ನಾನದನ್ನು ನೆಪ ಎಂದುಕೊಂಡಿದ್ದೆ. ನಂಜುಂಡಪ್ಪ ಸ್ವಾಮಿಯನ್ನು ನಂಬಿದ ಭಕ್ತ ಬಂಧುಗಳೇ, ಆ ತಪ್ಪನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ.

ಗೌರಿ ತಾಂಡ್ಯ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಸಂಜೆ ಬಸ್ಸಿಳಿದು ಬಂದವಳೇ ಹಣೆಗೆ ಬಟ್ಟೆ ಬಿಗಿದು ಮಲಗುವಳು. "ತಲೆ ಒಳಗೆ ಯಾರೋ ಕುಟ್ತಾವ್ರೆ ಕಣಿ ಅತ್ತೆಮ್ಮ." ನಾನು ಕಾನ್ವೆಂಟಿನಲ್ಲಿ ಓದಿದವಳು, ತಿ. ನರಸೀಪುರದಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವಳು. ಸಿಸ್ಟರ್‌ಗಳು ನಮಗೆ ಕಲಿಸಿದ್ದು ಡಿಸಿಪ್ಲಿನ್. ತಲೆನೋವೆಂದು ನಾನು ಒಂದು ದಿನವೂ ರಜೆ ಹಾಕಿರಲಿಲ್ಲ. ಇವಳಿಗೂ ಶಿಸ್ತು ಬರಲೆಂದು, ಪ್ರತಿ ಸೋಮವಾರ ಹನಿ ನೀರೂ ಮುಟ್ಟದೆ ಉಪವಾಸವಿರು ಎಂದು ಅವಳಿಗೆ ಹರಕೆ ಹೊರಿಸಿದೆ. ಸೋಮವಾರವೇ ನೋವು ಹೆಚ್ಚಾಯಿತು. ಶ್ರದ್ಧೆ ಸಾಲದು ಎಂದೆ.

ಹೋದ ಕಾರ್ತಿಕದ ಕೊನೆಯ ಸೋಮವಾರ ನಂಜುಂಡಪ್ಪನ ದರ್ಶನ ಮುಗಿಸಿ, ಉಪವಾಸ ಬಿಡಲೆಂದು ದೊನ್ನೆಯಲ್ಲಿ ಬಿಸಿ ಪೊಂಗಲ್ ತೆಗೆದುಕೊಂಡೆವು. ಗೌರಿ ಉಫ್ ಉಫ್ ಎಂದು ಊದಿದಳು. ಬಲಗೈ ಸೋತು ದೊನ್ನೆ ಕಲ್ಲುಹಾಸಿನ ಮೇಲೆ ಬಿತ್ತು. "ಪ್ರಸಾದ ಚೆಲ್ಲಿದೆಯಲ್ಲೇ!" ಎಂದು ಗದರಿದೆ. ಅವಳು ಬಾಯಿ ತೆರೆದಳು, ಮಾತು ಹೊರಡಲಿಲ್ಲ.

ಐದು ನಿಮಿಷಕ್ಕೆ ಕೈಯೂ ಮಾತೂ ಮರಳಿದವು. "ಏನಿಲ್ಲ, ನಡೀರಿ ಮನೆಗೋಗವ" ಎಂದಳು. ಆದರೆ ನಂಜುಂಡಪ್ಪ ತನ್ನ ಅಂಗಳದಲ್ಲೇ ನನ್ನ ಕಣ್ಣು ತೆರೆಸಿದ್ದ. ಮಗನಿಗೆ ಫೋನ್ ಮಾಡಿ, ಅಲ್ಲಿಂದಲೇ ಅವಳನ್ನು ಮೈಸೂರು ಬಸ್ಸು ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ನೋವು ಯಾವಾಗ ಬರುತ್ತದೆ ಎಂದರು. ನಾನೇ ಹೇಳಿದೆ: ನೀರಿಲ್ಲದ ದಿನ, ಬಿಕ್ಕಿ ಅತ್ತಾಗ, ಒಲೆ ಊದಿದಾಗ. ಹೇಳುತ್ತಾ ಹೇಳುತ್ತಾ ನಾಚಿಕೆಯಾಯಿತು. ಇಷ್ಟೆಲ್ಲ ನೋಡಿಯೂ ನಂಬಿರಲಿಲ್ಲವಲ್ಲ! "ಅಜ್ಜಿ, ಅರ್ಧ ಡಯಾಗ್ನೋಸಿಸ್ ನೀವೇ ಮಾಡಿಬಿಟ್ರಿ" ಎಂದರು ಆಕೆ. ಸ್ಕ್ಯಾನಿನಲ್ಲಿ ಗೊತ್ತಾಯಿತು, ಮೊಯಾಮೊಯಾ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗುವ ಅಪರೂಪದ ಕಾಯಿಲೆ. ಜೋರಾಗಿ ಊದಿದರೆ, ಮೈಯಲ್ಲಿ ನೀರು ಕಡಿಮೆಯಾದರೆ, ರಕ್ತ ಇನ್ನೂ ಸಾಲದಾಗುತ್ತದಂತೆ. ನನ್ನ ಹರಕೆಯೇ ಅವಳನ್ನು ಹಿಂಡಿತ್ತು.

ಆಪರೇಷನ್‌ಗೆ ಕೂದಲು ತೆಗೆಯುವಾಗ ನಾನು ಅಳುತ್ತಿದ್ದೆ. "ನಂಜುಂಡಪ್ಪನಿಗೇ ಮುಡಿ ಕೊಟ್ಟೆ ಅನ್ಕಳಿ, ಸುಮ್ನಿರಿ" ಎಂದು ನಕ್ಕವಳು ಅವಳು. ವಾಟ್ ಎ ಬ್ರೇವ್ ಗರ್ಲ್! ತಲೆಚರ್ಮದ ರಕ್ತನಾಳವೊಂದನ್ನು ಮೆದುಳಿನ ನಾಳಕ್ಕೆ ಜೋಡಿಸಿದರು.

ಈಗಲೂ ಅಪರೂಪಕ್ಕೆ ತಲೆನೋವು ಬರುತ್ತದೆ. ನಂಬುತ್ತೇನೆ. ಗೌರಿ ತಾಂಡ್ಯದ ಕೆಲಸಕ್ಕೆ ಮರಳಿದ್ದಾಳೆ. ಅವಳ ಸೋಮವಾರದ ಉಪವಾಸ ಈಗ ನನ್ನದು.

ಮೊನ್ನೆ ಸೋಮವಾರ ದೇವಸ್ಥಾನದ ಸಾಲಿನಲ್ಲಿ ಅವಳು ಬಾಟಲಿ ಎತ್ತಿದಾಗ ಹಿಂದಿದ್ದಾಕೆ ಕೊಂಕು ತೆಗೆದಳು: "ಸ್ವಾಮಾರ ನೀರು ಕುಡುದ್ರೆ ಆದದಾ ತಾಯಿ?"

"ನಂಜುಂಡಪ್ಪ ನಮಗಾಗಿ ಇಸ ಕುಡುದವ್ನೆ ಕಣಕ್ಕ, ನಾನು ನೀರು ಕುಡುದ್ರೆ ಬ್ಯಾಡ ಅಂದಾನಾ?"

ಗೌರಿಯ ಮಾತಿಗೆ ಸಾಲೆಲ್ಲ ನಕ್ಕಿತು. ಖಾಲಿ ಬಾಟಲಿಯನ್ನು ಇಸಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನನ್ನ ಸೊಸೆ."