ಚೀಲ ತೆಗೆಸಿಕೊಂಡ ಮೇಲೆ

ಹೊಟ್ಟೆಯ ಮೇಲಿನ ಚೀಲ ತೆಗೆಸಿಕೊಂಡ ಮೇಲೆ ಎಲ್ಲರ ಪಾಲಿಗೆ ನಾನು ಗುಣವಾದೆ, ನನ್ನ ಪಾಲಿಗೆ ಮಾತ್ರ ಇಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಗುರುತಿನವರು ಸಿಕ್ಕರೆ ಈಗೆಲ್ಲ ಆರಾಮಲ್ರಿ ಟೀಚರ್ ಎಂದು ಕೇಳುತ್ತಾರೆ. ಕೇಳುವ ಮೊದಲೇ ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ಹೋಗಿ ಬಂದಿರುತ್ತದೆ. ಅಲ್ಲಿ ಉಬ್ಬು ಕಾಣದೆ ಅವರಿಗೆ ಸಮಾಧಾನ. ನನ್ನ ಕಣ್ಣು ಆ ಅಂಗಡಿಸಾಲಿನಲ್ಲಿ ಸಂಡಾಸು ಎಲ್ಲಿದೆ ಎಂದು ಹುಡುಕುತ್ತಿರುತ್ತದೆ. ಹೂಂ, ಆರಾಮ ಎಂದು ಹೇಳಿ ಬೇಗ ಬೇಗ ಮನೆಯ ದಾರಿ ಹಿಡಿಯುತ್ತೇನೆ.

ನನ್ನ ದೊಡ್ಡ ಕರುಳು ಹುಣ್ಣಾಗಿ ವರ್ಷಗಟ್ಟಲೆ ರಕ್ತ ಸುರಿಸಿತು. ಯಾವ ಔಷಧಿಯೂ ನಾಟದೆ ಕೊನೆಗೆ ಅದನ್ನು ತೆಗೆದೇ ಹಾಕಿದರು. ಸಣ್ಣ ಕರುಳಿನ ತುದಿಯನ್ನು ಮಡಚಿ ಹೊಲಿದು, ಒಳಗೇ ಒಂದು ಪುಟ್ಟ ಸಂಚಿ ಮಾಡಿ ಕೆಳಗಿನ ದಾರಿಗೆ ಜೋಡಿಸಿದರು. ಆ ಹೊಲಿಗೆ ಮಾಗುವವರೆಗೆ ಹೊಟ್ಟೆಯ ಪಕ್ಕದಲ್ಲಿ ಒಂದು ರಂಧ್ರ, ಅದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಚೀಲ. ಹೋಗುವುದೆಲ್ಲ ಆ ಚೀಲಕ್ಕೇ. ಮಾಗಿದ ಮೇಲೆ ಇನ್ನೊಂದು ಆಪರೇಷನ್ ಮಾಡಿ ರಂಧ್ರ ಮುಚ್ಚಿದರೆ ಮತ್ತೆ ಹಳೆಯ ದಾರಿ.

ಹೇಳಿದರೆ ಯಾರೂ ನಂಬುವುದಿಲ್ಲ, ಆ ಚೀಲದ ಜೊತೆ ನಾನು ಚೆನ್ನಾಗಿದ್ದೆ. ಮೊದಮೊದಲು ಸೋರುತ್ತಿತ್ತು, ಕಣ್ಣೀರು ಹಾಕುತ್ತಿದ್ದೆ. ಆಮೇಲೆ ಕೈ ಪಳಗಿತು. ಬಳ್ಳಾರಿಯ ಮನೆಯಿಂದ ಕುರುಗೋಡಿನ ಶಾಲೆಗೆ ಹೋಗಿ ಪಾಠ ಮಾಡಿದೆ. ಸಿರುಗುಪ್ಪದ ಬಸ್ಸು ಹತ್ತಿ ಕರೂರಿನ ತವರಿಗೆ ಹೋಗಿಬಂದೆ. ತುಂಬಿದಾಗ ಎದ್ದು ಖಾಲಿ ಮಾಡಿದರಾಯಿತು, ಅದು ನನ್ನನ್ನು ಎಂದೂ ಓಡಿಸಲಿಲ್ಲ.

ಓಡಿಸಿದವರು ಅತ್ತೆ. ನಾನು ದೇವರ ಕೋಣೆಯ ಹೊಸ್ತಿಲು ತುಳಿದ ದಿನ, "ಹೊಟ್ಟಿ ಮ್ಯಾಲೆ ಹೇಲು ಕಟ್ಟಿಗೊಂಡು ದೇವರ ಮುಂದ ಹ್ಯಾಂಗ ನಿಂದರ್ತೀಯವ್ವಾ?" ಎಂದರು. ಅಂದಿನಿಂದ ದೀಪ ಹಚ್ಚುವ ಕೆಲಸ ನನ್ನ ಮೈದುನನ ಹೆಂಡತಿಗೆ, ನಮ್ಮ ನೆಗೆಣ್ಣಿಗೆ, ಹೋಯಿತು. ಎಲ್ಲರ ಹೊಟ್ಟೆಯಲ್ಲೂ ಇರುವುದು ಅದೇ. ನನ್ನದು ಹೊರಗೆ ಇತ್ತು, ಅಷ್ಟೇ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲವೆಂದು ಶಾಲೆಯಲ್ಲಿ ಎಷ್ಟು ವರ್ಷ ಪಾಠ ಮಾಡಿದ್ದೇನೋ! ಮನೆಯಲ್ಲಿ ಆ ಮಾತು ಎತ್ತಿದರೆ ಅದು ಪುಸ್ತಕದ ಮಾತು ಎಂದು ಅತ್ತೆ ತಳ್ಳಿಹಾಕಿದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಷ್ಟರಲ್ಲಿ ಮಗಳ ಮದುವೆ ನಿಕ್ಕಿಯಾಯಿತು. ನಮ್ಮಲ್ಲಿ ಮದುವೆಗೆ ಮೊದಲು ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವಕ್ಕೆ ಬಿಳಿ ನೂಲಿನ ಎಳೆ ಸುತ್ತಿ, ಒಳಗೆ ಮದುಮಗಳನ್ನೂ ಅವಳ ತಾಯಿಯನ್ನೂ ಕೂರಿಸಿ ಅರಿಷಿಣ ಹಚ್ಚಿ ನೀರೆರೆಯುತ್ತಾರೆ. ಹಾಡು, ಆರತಿ ಮುಗಿದು ಎಳೆ ತೆಗೆಯುವವರೆಗೆ ಒಳಗಿದ್ದವರು ಏಳುವಂತಿಲ್ಲ. ನನ್ನ ಮದುವೆಯಲ್ಲಿ ನನ್ನವ್ವ ನನ್ನ ಮಗ್ಗುಲಿಗೆ ಹಾಗೆ ಕೂತಿದ್ದಳು. ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿದ್ದು ನನಗೆ ಇನ್ನೂ ನೆನಪಿದೆ. ನನ್ನ ಮಗಳ ಮಗ್ಗುಲಿಗೆ ನಾನು ಕೂರಬೇಕು ಎಂಬುದು ನನ್ನ ಆಸೆ. ಮದುವೆಯ ಉಳಿದದ್ದೆಲ್ಲ ಯಾರು ಬೇಕಾದರೂ ಮಾಡಿಕೊಳ್ಳಲಿ.

ಚೀಲ ಇಟ್ಟುಕೊಂಡು ಸುರಗಿಯಲ್ಲಿ ಕೂರುವಂತಿಲ್ಲ ಎಂದು ಅತ್ತೆ ಹೇಳಿಬಿಟ್ಟರು. ಡಾಕ್ಟರನ್ನು ಕೇಳಿದೆವು. ಅವಸರವೇನಿಲ್ಲ, ಮದುವೆ ಮುಗಿಸಿಕೊಂಡೇ ಬನ್ನಿ ಎಂದರು. ರಂಧ್ರ ಮುಚ್ಚಿದ ಮೇಲೆ ಮೊದಲ ತಿಂಗಳುಗಳು ಕಷ್ಟ, ದಿನಕ್ಕೆ ಎಷ್ಟೋ ಸಲ ಹೋಗಬೇಕಾಗುತ್ತದೆ, ಒಳಗಿನ ಸಂಚಿ ಹಿಗ್ಗಿ ಹಿಡಿದಿಟ್ಟುಕೊಳ್ಳುವುದನ್ನು ಕಲಿಯಲು ವರ್ಷವೂ ಹಿಡಿಯಬಹುದು ಎಂದು ಬಿಡಿಸಿ ಹೇಳಿದರು. ನನ್ನ ಗಂಡ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡರು. ಹೊರಗೆ ಬಂದವರೇ, ಅವ್ವ ಒಪ್ಪುವುದಿಲ್ಲ, ಮದುವೆಗೆ ಮೊದಲೇ ತೆಗೆಸಿಬಿಡೋಣ ಎಂದರು. ಮಗಳ ಪಕ್ಕ ಕೂರುವ ಆಸೆಗೆ ನಾನೂ ಹೂಂ ಎಂದೆ.

ಆಮೇಲೆ ಶುರುವಾಯಿತು ನೋಡಿ, ಹಳೆಯ ದಾರಿಯ ಸುಖ. ಉಂಡರೆ ಹೋಗಬೇಕು, ನೀರು ಕುಡಿದರೆ ಹೋಗಬೇಕು. ಬರುವುದು ಗಾಳಿಯೋ ಮಲವೋ ತಿಳಿಯದು, ಹಾಗಾಗಿ ಯಾವುದನ್ನೂ ನಂಬುವಂತಿಲ್ಲ. ನೀರಿನಂತೆ ಹರಿದು ಚರ್ಮ ಸುಟ್ಟುಬಿಡುತ್ತದೆ. ತೊಳೆಯಲು ಕೈ ಹಾಕಿದರೆ ಕಣ್ಣಲ್ಲಿ ನೀರು. ಒರೆಸದೆ ಒತ್ತಿ ಒತ್ತಿ ಒಣಗಿಸಿ, ಬಿಳಿ ಮುಲಾಮು ಬಳಿದುಕೊಂಡು, ಎಳೆಗೂಸಿಗೆ ಕಟ್ಟಿದಂತೆ ಪ್ಯಾಡ್ ಕಟ್ಟಿಕೊಂಡು ಮಲಗುತ್ತಿದ್ದೆ. ಖಾರ ಬಿಟ್ಟೆ. ಬಳ್ಳಾರಿಯಲ್ಲಿ ಖಾರ ಬಿಡುವುದೂ ಒಂದೇ, ಊಟ ಬಿಡುವುದೂ ಒಂದೇ. ಮನೆಯವರು ಒಗ್ಗರಣೆ ಮಂಡಕ್ಕಿಗೆ ಮಿರ್ಚಿ ಕಚ್ಚಿಕೊಂಡು ತಿನ್ನುತ್ತಿದ್ದರೆ ನಾನು ಮೊಸರನ್ನ, ಬಾಳೆಹಣ್ಣು ಹಿಡಿದು ಮೂಲೆಯಲ್ಲಿ ಕೂರುತ್ತಿದ್ದೆ. ನನ್ನವ್ವ ಕರೂರಿನಿಂದ ಮನೆಯ ಗದ್ದೆಯ ಅಕ್ಕಿ ಕಳಿಸಿ, ಮೆತ್ತಗೆ ಬೇಯಿಸಿ ಉಣ್ಣು, ಹೊಟ್ಟೆ ನಿಲ್ಲುತ್ತದೆ ಎಂದು ಹೇಳಿಕಳಿಸಿದಳು. ಅನ್ನದಿಂದ ಸ್ವಲ್ಪ ಗಟ್ಟಿಯಾದದ್ದು ನಿಜ.

ಚೀಲ ಹೋಯಿತಲ್ಲ ಎಂದು ಅತ್ತೆ ಒಂದು ದಿನ ತಾವೇ ದೀಪ ಹಚ್ಚಲು ಕರೆದರು. ಮಂಗಳಾರತಿಯ ನಡುವೆ ಎದ್ದು ಓಡಿದೆ. ಮತ್ತೆ ಕರೆಯಲಿಲ್ಲ.

ಬಂತು ಎನಿಸಿದ ಕೂಡಲೇ ಓಡಬೇಡಿ, ತುಸು ತಡೆಯಿರಿ, ದಿನದಿನಕ್ಕೆ ಇನ್ನಷ್ಟು ತಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು, ಸುರಗಿಯ ಹಾಡನ್ನು ಒಳಗೊಳಗೇ ಹೇಳಿಕೊಳ್ಳುತ್ತ ತಡೆಯುವುದನ್ನು ಕಲಿತೆ. ಮೊದಲು ಎರಡು ನುಡಿ ಮುಗಿಯುವುದರೊಳಗೆ ಎದ್ದು ಓಡುತ್ತಿದ್ದೆ. ಬೆವರು ಕಿತ್ತುಕೊಂಡು ಬರುತ್ತಿತ್ತು. ಮದುವೆ ಹತ್ತಿರವಾಗುವ ಹೊತ್ತಿಗೆ ಹಾಡು ಪೂರ್ತಿ ಮುಗಿದು, ಆರತಿಯ ಹಾಡೂ ಮುಗಿಯುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಏನೆಂದು ಹೇಳುವುದು? ಸಂಡಾಸಿನ ಬಾಗಿಲಿನ ಸಪ್ಪಳ ಮನೆಮಂದಿಗೆಲ್ಲ ಕೇಳುತ್ತಿತ್ತು, ನಾನು ತಡೆದು ಕೂತದ್ದು ಯಾರಿಗೂ ಕೇಳುತ್ತಿರಲಿಲ್ಲ.

ಸುರಗಿ ಕುರುಗೋಡಿನಲ್ಲಿ, ನನ್ನ ಗಂಡನ ಹಿರಿಯರ ಮನೆಯ ಅಂಗಳದಲ್ಲಿ. ಹಿಂದಿನ ದಿನ ಮಧ್ಯಾಹ್ನದಿಂದ ನಾನು ಏನೂ ತಿಂದಿರಲಿಲ್ಲ. ಬೆಳಿಗ್ಗೆ ಭೇದಿ ನಿಲ್ಲಿಸುವ ಮಾತ್ರೆ ನುಂಗಿ, ಹೊಟ್ಟೆ ಪೂರ್ತಿ ಖಾಲಿ ಮಾಡಿಕೊಂಡು, ಹಸಿರು ಸೀರೆ ಉಟ್ಟು ಅಂಗಳಕ್ಕೆ ಬಂದೆ. ತಂಬಿಗೆಗಳನ್ನು ಇಟ್ಟಾಗಿತ್ತು. ಒಂದು ಮಣೆಯ ಮೇಲೆ ಮಗಳು ಕೂತಿದ್ದಳು. ಇನ್ನೊಂದರ ಮೇಲೆ ನೆಗೆಣ್ಣಿ ಕೂತಿದ್ದಳು.

ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು. "ನಡುವ ಎದ್ದಿ ಅಂದ್ರ ಹುಡುಗಿಗಿ ಚಲೋ ಅಲ್ಲವ್ವಾ. ಅಕಿ ಕುಂದರ್ಲಿ."

"ಚೀಲ ಇದ್ದಿದ್ರ ಎಷ್ಟೊತ್ತರ ಕುಂದ್ರತಿದ್ದೆ ಅತ್ತಿ. ತೆಗಿಸಿದವ್ರು ನೀವ ಅಲ್ರೀ," ಎಂದೆ.

ಚೀಲ ಇಟ್ಟುಕೊಂಡು ಕೂರಲಿಕ್ಕೆ ಬರುತ್ತಿತ್ತೇನು ಎಂದು ಅವರು ನನ್ನನ್ನೇ ಕೇಳಿದರು, ಕನಿಕರದಿಂದ ಕೇಳಿದರು. ನನ್ನ ಗಂಡ ಹಂದರದ ಹಗ್ಗ ಬಿಗಿಯಾಗಿದೆಯೋ ಇಲ್ಲವೋ ಎಂದು ಎಳೆದು ನೋಡುತ್ತ ನಿಂತಿದ್ದರು. ಅವರಿಬ್ಬರ ಮೇಲೆ ಆಗ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆರಲಿ ಎಂದು ನನಗೇನೂ ಆಸೆಯಿಲ್ಲ.

ಮಗಳ ಕಡೆ ನೋಡಿದೆ. ಅವಳು ಬಾ ಎಂದಿದ್ದರೆ ನೆಗೆಣ್ಣಿಯ ರಟ್ಟೆ ಹಿಡಿದು ಎಬ್ಬಿಸುತ್ತಿದ್ದೆ, ಯಾರು ಏನೇ ಅಂದುಕೊಳ್ಳಲಿ. ಅವಳು ತಲೆ ಎತ್ತಲಿಲ್ಲ.

"ಚಿಗವ್ವನ ಕುಂದರ್ಲಿ ಬಿಡವ್ವಾ," ಎಂದಳು. "ಎಲ್ಲಾರ ಮುಂದ ಏನರ ಆದ್ರ ಅಂತ ನನಗೂ ಅಂಜಿಕಿ ಆಗೇತಿ."

ಸರಿಯಮ್ಮ ಎಂದು ಹಿಂದೆ ಸರಿದೆ. ಎಳೆ ಸುತ್ತಿದರು. ಅರಿಷಿಣ ಹಚ್ಚಿದರು, ನೀರೆರೆದರು. ಮುದುಕಿಯರು ಹಾಡನ್ನು ಎಳೆದು ಎಳೆದು ಹಾಡಿದರು, ಮರೆತ ನುಡಿಗಳನ್ನು ಮತ್ತೆ ಮೊದಲಿನಿಂದ ಹಾಡಿದರು. ಆರತಿ ಹಿಡಿಯಬೇಕಾದವಳು ಯಾರೋ ಇನ್ನೂ ಬಂದಿಲ್ಲವೆಂದು ಕಾದರು. ನಾನು ಕಂಬದ ಹತ್ತಿರ ನಿಂತಿದ್ದೆ. ಒದ್ದೆಯಾದ ಮಗಳು ಚಳಿಗೆ ತನ್ನ ಚಿಗವ್ವನ ಕಡೆಗೆ ವಾಲಿದಳು. ಕೊನೆಗೆ ಎಳೆ ತೆಗೆದರು. ಎಲ್ಲ ಸುಸೂತ್ರ ಆಯಿತು ಎಂದು ಅತ್ತೆ ಕೈಮುಗಿದರು. ಅಷ್ಟು ಹೊತ್ತಿನಲ್ಲಿ ನನಗೆ ಒಂದು ಸಲವೂ ಹೋಗಬೇಕೆನಿಸಲಿಲ್ಲ.